ಅಂಗಳ ಮಟ್ಟ ಮಾಡಿದ ರೈತ

"ಅಜ್ಜಾರೇ, ಮನಸ್ಸು ಮಟ್ಟವಾಗಬೇಕಾದರೆ ಯಾವ ಸಾಧನೆ ಹಿಡಿಯಬೇಕು?"

ಕೇಳಿದವನು ಅಡಿವಯ್ಯ. ಮಠದ ಸಾಧಕರಲ್ಲಿ ವಯಸ್ಸಿನಲ್ಲಿ ಎಲ್ಲರಿಗಿಂತ ಕಿರಿಯ, ಶ್ರದ್ಧೆಯಲ್ಲಿ ಎಲ್ಲರಿಗಿಂತ ಮುಂದೆ. ಅಂಥವನು ಈಚೆಗೆ ತನ್ನನ್ನು ತಾನೇ ಗುರುತು ಹಿಡಿಯಲಾರದಂತಾಗಿದ್ದ. ಮೊದಲು ಅವನಿಗೆ ಸಿಟ್ಟು ಬರತೊಡಗಿತು. ದಾಸೋಹದ ಪಂಕ್ತಿಯಲ್ಲಿ ಯಾರಾದರೂ ಅನ್ನ ಚೆಲ್ಲಿದರೆ ಸಾಕು, ಮೈಯೆಲ್ಲ ಉರಿಯುತ್ತಿತ್ತು. ಜಪ ಹೆಚ್ಚಿಸಿದ. ಸಿಟ್ಟು ಇಳಿಯಿತು, ಆದರೆ ನಿದ್ದೆ ಹೋಯಿತು. ಉಪವಾಸ ಹಿಡಿದ. ನಿದ್ದೆ ಬಂತು, ಹಗಲೆಲ್ಲ ಎದೆಯ ಮೇಲೆ ಯಾರೋ ಕೂತ ಹಾಗೆ ಭಾರವಾಯಿತು. ಮೌನ ಹಿಡಿದ. ಭಾರ ಇಳಿಯಿತು ಎನ್ನುವಷ್ಟರಲ್ಲಿ ಒಂದು ದಿನ ಅಡುಗೆಯವನ ಮೇಲೆ ಕೈ ಎತ್ತಿಬಿಟ್ಟ. ಸಾರಿಗೆ ಉಪ್ಪು ಕಡಿಮೆಯಾಗಿತ್ತು, ಅಷ್ಟೇ. ಎತ್ತಿದ ಕೈ ತನ್ನದೇ ಎಂದು ನಂಬಲು ಅವನಿಗೆ ಹೊತ್ತು ಹಿಡಿಯಿತು.

ದೋಷ ತನ್ನಲ್ಲಿದೆಯೋ, ತಾನು ಆರಿಸಿಕೊಂಡ ಸಾಧನೆಯಲ್ಲಿದೆಯೋ, ಒಂದೂ ತಿಳಿಯದೆ ಅವನು ಮಠದ ಹಿರಿಯ ಸ್ವಾಮಿಗಳಾದ ಅಜ್ಜಾರ ಮುಂದೆ ಬಂದು ಕೂತಿದ್ದ. ಈ ಸಲವೂ ಸರಿಹೋಗದಿದ್ದರೆ ಮಠ ಬಿಟ್ಟು ಹೋಗುತ್ತೇನೆ ಎಂದು ಅಂಜುತ್ತ ಅಂಜುತ್ತಲೇ ಹೇಳಿದ. ಅಜ್ಜಾರು, ಇದೆಲ್ಲ ಯಾವಾಗಿನಿಂದ ಎಂದು ಕೇಳಿದರು. ಅಡಿವಯ್ಯ ನೆನಪು ಮಾಡಿಕೊಂಡು, ಹಿಂದಿನ ಸುಗ್ಗಿಯಿಂದ ಇರಬೇಕು, ಅವ್ವ ತೀರಿಕೊಂಡ ಮೇಲೆ, ಎಂದ. ಎಂದವನು ಅಲ್ಲಿ ನಿಲ್ಲಲಿಲ್ಲ. ಧ್ಯಾನ ಮೇಲೋ ಪಾರಾಯಣ ಮೇಲೋ, ಪ್ರಾಣಾಯಾಮ ಮಾಡಿದರೆ ಹೇಗೆ, ಎರಡನ್ನು ಕೂಡಿಸಿದರೆ ಹೇಗೆ ಎಂದು ಮತ್ತೆ ಸಾಧನೆಗಳ ಮಾತಿಗೇ ಬಂದ.

ಈ ಅಜ್ಜಾರು ಮಠದ ಹೊಲಕ್ಕೆ ತಾವೇ ಟ್ರ್ಯಾಕ್ಟರ್ ಹೊಡೆಯುವವರು. ಶಾಸ್ತ್ರದ ಮಾತು ಕೇಳಬೇಕೆಂದು ಬಂದವರಿಗೆ ಇವರಿಂದ ಸಿಗುತ್ತಿದ್ದದ್ದು ಗೊಬ್ಬರದ, ಡೀಸೆಲ್ಲಿನ ಮಾತು. ಅಡಿವಯ್ಯ ಹೇಳುವುದನ್ನೆಲ್ಲ ಹೇಳಿ ಮುಗಿಸುವವರೆಗೆ ಸುಮ್ಮನಿದ್ದು, ಸರಿಯಾಗಿ ಕೂತುಕೋ ತಮ್ಮಾ, ಒಬ್ಬ ರೈತನ ಕತೆ ಹೇಳುತ್ತೇನೆ ಎಂದರು. ಹೇಳಿದ ಕತೆ ಇದು.

ಒಬ್ಬ ರೈತನಿದ್ದ. ಮೈಮುರಿದು ದುಡಿಯುವವನು, ಕೊಟ್ಟ ಮಾತಿಗೆ ನಿಲ್ಲುವವನು. ಅವನ ಮಗಳಿಗೆ ಗಂಡು ಗೊತ್ತಾಯಿತು. ಬೀಗರು ಪಟ್ಟಣದವರು. ಮದುವೆ ನಮ್ಮ ಕಡೆಯ ಕಲ್ಯಾಣ ಮಂಟಪದಲ್ಲೇ ಆಗಲಿ, ನಿಮಗೆ ತೊಂದರೆ ಬೇಡ ಎಂದರು. ರೈತ ಒಪ್ಪಲಿಲ್ಲ. ನಮ್ಮ ಮನೆತನದ ಹೆಣ್ಣುಮಕ್ಕಳಿಗೆಲ್ಲ ಅಕ್ಷತೆ ಬಿದ್ದದ್ದು ನಮ್ಮ ಅಂಗಳದಲ್ಲಿ, ಇವಳನ್ನೂ ನನ್ನ ಹೊಸ್ತಿಲಿನಿಂದಲೇ ಕಳಿಸಿಕೊಡುತ್ತೇನೆ ಎಂದ. ಇದ್ದವಳು ಒಬ್ಬಳೇ ಮಗಳು. ಅವಳ ವಿಷಯದಲ್ಲಿ ಅವನಿಗಿದ್ದ ಆಸೆಯೂ ಅದೊಂದೇ.

ಆಸೆಯೇನೋ ಸರಿ, ಅಂಗಳ ಸರಿಯಿರಬೇಕಲ್ಲ. ಜಾಗಕ್ಕೆ ಕೊರತೆ ಇರಲಿಲ್ಲ. ಆದರೆ ಅಗಸೆ ಬಾಗಿಲ ಹತ್ತಿರ ದಿಬ್ಬ, ನಡುವೆ ತಗ್ಗು, ಬೇವಿನ ಮರದ ಕೆಳಗೆ ಎತ್ತುಗಳು ಕೆದರಿದ ಗುಂಡಿ. ಒಂದು ಬದಿಗೆ ಉದ್ದಕ್ಕೂ ಒಂದು ಕೊರಕಲು ಬೇರೆ. ಮಳೆ ಬಂದರೆ ಮೇಲಿನ ಹೊಲಗಳ ನೀರು ಅದರಲ್ಲಿ ಇಳಿದು ಹಳ್ಳ ಸೇರುತ್ತಿತ್ತು. ಉಳಿದ ದಿನಗಳಲ್ಲಿ ಜಾಲಿಮುಳ್ಳು, ಹರಿದ ಗೊಬ್ಬರದ ಚೀಲ, ನೆರಳಿಗೆಂದು ಬಂದು ಮಲಗಿದ ನಾಯಿ. ಇಲ್ಲಿ ಹಂದರ ಹಾಕಬೇಕು, ಬೀಗರು ಕೂಡಬೇಕು, ಊಟದ ಪಂಕ್ತಿ ನಡೆಯಬೇಕು. ಅಂಗಳ ಅಂಗೈ ಹಾಗೆ ಆಗಬೇಕು, ಸುತ್ತ ಹುಲ್ಲು ಹಚ್ಚಿ ಹೂವಿನ ಗಿಡ ಇಡಬೇಕು ಎಂದು ರೈತ ತೀರ್ಮಾನಿಸಿದ. ಟ್ರ್ಯಾಕ್ಟರ್ ಮನೆಯಲ್ಲೇ ಇತ್ತು. ಅದರ ಹಿಂದೆ ಏನು ಕಟ್ಟಬೇಕು ಎನ್ನುವುದೊಂದೇ ಅವನ ಚಿಂತೆ.

ಟ್ರ್ಯಾಕ್ಟರಿನ ಸಾಮಾನು ಮಾರುವ ಒಬ್ಬ ವ್ಯಾಪಾರಿಯ ಹತ್ತಿರ ಹೋದ. ವ್ಯಾಪಾರಿ ಒಳ್ಳೆಯವನೇ. ಸುಳ್ಳು ಹೇಳುವವನಲ್ಲ, ಕೇಳಿದ್ದಕ್ಕೆಲ್ಲ ಉತ್ತರ ಕೊಡುವವನು. ಮಣ್ಣು ಎಳೆದು ಹಾಕಲು ಬ್ಲೇಡು, ಬಿಗಿದ ನೆಲ ಸಡಿಲಿಸಲು ಕಲ್ಟಿವೇಟರ್, ಹೆಂಟೆ ಪುಡಿ ಮಾಡಲು ರೋಟವೇಟರ್ ಎಂದು ತೋರಿಸುತ್ತ ಹೋದ. ಹಲ್ಲು, ಅಂಚು ಎರಡೂ ಇರುವ ಪೆಟ್ಟಿಗೆಯಂಥದೊಂದು ಇತ್ತು. ಅದು ಕೆದರುತ್ತಲೂ ಹೋಗುತ್ತದೆ, ತುಂಬುತ್ತಲೂ ಹೋಗುತ್ತದೆ ಎಂದ. ರೈತ ಬ್ಲೇಡಿನ ಮುಂದೆ ನಿಂತಾಗ ಇದೇ ಸರಿ ಅನ್ನಿಸಿತು. ಪೆಟ್ಟಿಗೆಯ ಮುಂದೆ ನಿಂತಾಗ ಬ್ಲೇಡು ಯಾತಕ್ಕೂ ಬೇಡ ಅನ್ನಿಸಿತು. ಮತ್ತೆ ಹಿಂದಕ್ಕೆ ಬಂದ. ಅಲ್ಲೇ ಇದ್ದ ಇನ್ನಿಬ್ಬರು ಗಿರಾಕಿಗಳು ತಲೆಗೊಂದು ಮಾತು ಹೇಳಿದರು. ಬಿಸಿಲು ಏರಿ ತಲೆ ಕೆಟ್ಟು ಗೊಬ್ಬರವಾದ ಮೇಲೆ, ಆದದ್ದಾಗಲಿ ಎಂದು ಬ್ಲೇಡು ಕಟ್ಟಿಸಿಕೊಂಡು ಬಂದ.

ಅಂಗಳದಲ್ಲಿ ಎಲ್ಲಕ್ಕಿಂತ ಕಣ್ಣು ಚುಚ್ಚುತ್ತಿದ್ದದ್ದು ಆ ಕೊರಕಲು. ದಿಬ್ಬದ ಮಣ್ಣು ಎಳೆದು ಮೊದಲು ಅದನ್ನೇ ಮುಚ್ಚಿದ. ಮಧ್ಯಾಹ್ನದ ಊಟದ ಹೊತ್ತಿಗೆ ಕೊರಕಲು ಇದ್ದದ್ದೇ ಸುಳ್ಳು ಎನ್ನುವ ಹಾಗಾಯಿತು. ಅಂಗಳ ಒಮ್ಮೆಗೇ ಅಗಲವಾಗಿ ಕಂಡಿತು. ರೈತನಿಗೆ ಹಿಗ್ಗೋ ಹಿಗ್ಗು.

ಇನ್ನು ಮಟ್ಟ ನೋಡಬೇಕು. ಅವರ ಕಡೆ ಮಟ್ಟ ನೋಡುವ ಬಗೆ ಒಂದೇ. ನೀರು ಬಿಡುವುದು, ನೀರು ನಿಂತಲ್ಲಿ ತಗ್ಗು ಎಂದು ತಿಳಿಯುವುದು. ಭತ್ತ ಬೆಳೆಯುವವರು ಅವರು. ಅಜ್ಜ ಮುತ್ತಜ್ಜರ ಕಾಲದಿಂದ ಗದ್ದೆಯ ಮಡಿಗೆ ಹೀಗೇ ಮಟ್ಟ ನೋಡುತ್ತ ಬಂದವರು. ರೈತ ಬೋರಿನ ಪೈಪು ತಂದು ಅಂಗಳಕ್ಕೆ ನೀರು ಬಿಟ್ಟ. ನಡು ಅಂಗಳದಲ್ಲಿ ನೀರು ನಿಂತಿತು. ಬ್ಲೇಡಿನಿಂದ ಅಲ್ಲಿಗೆ ಮಣ್ಣು ಎಳೆದ. ಮತ್ತೆ ನೀರು ಬಿಟ್ಟ. ಈಗ ಬೇವಿನ ಮರದ ಕೆಳಗೆ ನಿಂತಿತು. ಅಲ್ಲಿ ತುಂಬಿದ. ಅಗಸೆಯ ಹತ್ತಿರ ನಿಂತಿತು.

ವ್ಯಾಪಾರಿಯನ್ನು ಕೇಳಿದರೆ, ನೆಲ ಬಿಗಿದಿದೆ, ಬ್ಲೇಡು ಮೇಲಮೇಲೆ ಹೆರೆಯುತ್ತದೆ, ಮೊದಲು ಸಡಿಲಿಸಬೇಕಿತ್ತು ಎಂದ. ಅದೂ ನಿಜವೇ. ಕಲ್ಟಿವೇಟರ್ ಹೊಡೆದ. ಹೆಂಟೆ ಎದ್ದು ಅಂಗಳ ಉತ್ತ ಹೊಲವಾಯಿತು. ರೋಟವೇಟರ್ ಹೊಡೆದ. ಮಣ್ಣು ಹಿಟ್ಟಾಯಿತು. ನೀರು ಬಿಟ್ಟರೆ ಹಿಟ್ಟು ರಾಡಿಯಾಗಿ, ಟ್ರ್ಯಾಕ್ಟರೇ ಹೂತು, ಅದನ್ನು ಎಳೆಯಲು ಪಕ್ಕದವನ ಟ್ರ್ಯಾಕ್ಟರ್ ಬಂತು. ಒಣಗಿದ ಮೇಲೆ ಆ ಪೆಟ್ಟಿಗೆಯಂಥದ್ದನ್ನು ತಂದು ಎಳೆದ. ಚೆನ್ನಾಗಿಯೇ ಕೆಲಸ ಮಾಡಿತು. ಆದರೂ ನೀರು ಎಲ್ಲೋ ಒಂದು ಕಡೆ ನಿಲ್ಲುತ್ತಿತ್ತು. ನಿನ್ನೆ ನಿಂತಲ್ಲಿ ಇವತ್ತು ನಿಲ್ಲುತ್ತಿರಲಿಲ್ಲ, ಅಷ್ಟೇ. ಮದುವೆ ಹತ್ತಿರ ಬರುತ್ತಿತ್ತು. ರೈತನಿಗೆ ಊಟ ಸೇರದಾಯಿತು. ಮಗಳು ಬಳೆ ತೋರಿಸಲು ಬಂದರೆ, ಅವಳ ಕೈ ನೋಡದೆ ಅಂಗಳದ ಕಡೆ ನೋಡಿ ಚೆನ್ನಾಗಿದೆ ಎನ್ನುತ್ತಿದ್ದ.

ಕೊನೆಗೆ ಯಾರೋ ಲೇಸರ್ ಲೆವೆಲರ್ ಎಂದರು. ಗದ್ದೆಯವರಿಗೆ ಬಾಡಿಗೆಗೆ ಸಿಗುತ್ತದೆ. ಮೂಲೆಯಲ್ಲಿ ಒಂದು ಕೋಲು ನೆಟ್ಟು ಅದರ ಮೇಲೆ ಯಂತ್ರ ಇಡುತ್ತಾರೆ. ಅದರಿಂದ ಹೊರಡುವ ಬೆಳಕಿನ ಅಳತೆ ಹಿಡಿದು ಟ್ರ್ಯಾಕ್ಟರಿನ ಹಿಂದಿನ ಬ್ಲೇಡು ತಾನಾಗಿ ಏಳುತ್ತದೆ, ತಾನಾಗಿ ಇಳಿಯುತ್ತದೆ. ಮನುಷ್ಯನ ಕಣ್ಣಿಗೆ ಅಲ್ಲಿ ಕೆಲಸವಿಲ್ಲ. ರೈತ ಅದನ್ನೂ ತರಿಸಿದ. ಸಂಜೆಯ ಹೊತ್ತಿಗೆ ಅಂಗಳ ನಿಜವಾಗಿಯೂ ಅಂಗೈಗಿಂತ ಮಟ್ಟವಾಯಿತು. ಪೈಪು ಹಿಡಿದು ನೀರು ಬಿಟ್ಟ.

ಏನಾಯಿತು ಹೇಳು? ಅಂಗಳದ ತುಂಬ ನೀರು ನಿಂತಿತು. ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ, ಎರಡು ಬೆರಳು ನೀರು. ನಗಬೇಡ ತಮ್ಮಾ, ಅವನ ಜಾಗದಲ್ಲಿ ನಿಂತು ನೋಡು. ನೀರು ನಿಂತಲ್ಲಿ ತಗ್ಗು ಎಂದು ಹುಟ್ಟಿದಾಗಿನಿಂದ ನಂಬಿದವನು. ಈಗ ಎಲ್ಲ ಕಡೆಯೂ ನೀರು ನಿಂತಿದೆ. ಹಾಗಾದರೆ ಅಂಗಳಕ್ಕೆ ಅಂಗಳವೇ ತಗ್ಗು. ಇಡೀ ಅಂಗಳವನ್ನೇ ಎತ್ತರಿಸಬೇಕು. ಲೆಕ್ಕದಲ್ಲಿ ಎಲ್ಲಿಯೂ ತಪ್ಪು ಕಾಣಲಿಲ್ಲ ಅವನಿಗೆ.

ಟ್ರೇಲರ್ ಕಟ್ಟಿ ಗರಸು ಮಣ್ಣು ಹೇರಿಕೊಂಡು ಬಂದ. ಟ್ರ್ಯಾಕ್ಟರಿನ ಮುಂದೆ ಮಣ್ಣು ತಳ್ಳುವ ಡೋಜರ್ ಕೂಡಿಸಿ ಹರಡಿದ. ಇನ್ನೂ ತಂದ, ಇನ್ನೂ ಹರಡಿದ. ಮನೆಯ ಮುಂದಿನ ಮೆಟ್ಟಿಲುಗಳು ಒಂದೊಂದಾಗಿ ಮುಚ್ಚಿಹೋದವು. ಅವನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು.

"ಮೊದಲು ಮನಿಗೆ ಹತ್ತಿ ಬರ್ತಿದ್ವಿ, ಈಗ ಇಳದು ಬರಾಕ ಹತ್ತೀವಲ್ರಿ" ಎಂದಳು.

ಮೆಟ್ಟಿಲು ಹತ್ತಲಾರದ ನಮ್ಮ ಅವ್ವನ ಮೊಣಕಾಲಿಗೆ ಒಳ್ಳೆಯದಾಯಿತು ಬಿಡು ಎಂದು ರೈತ ಮತ್ತೊಂದು ಟ್ರೇಲರ್ ತರಲು ಹೋದ. ಎಲ್ಲ ಮುಗಿಸಿ ನೀರು ಬಿಟ್ಟ. ನೀರೆಲ್ಲ ಗರಸಿನಲ್ಲಿ ಇಂಗಿತು, ಅಂಗಳದ ಯಾವ ಮೂಲೆಯಲ್ಲೂ ಒಂದು ಹನಿ ನಿಲ್ಲಲಿಲ್ಲ. ರೈತ ದೊಡ್ಡ ಉಸಿರು ಬಿಟ್ಟು ಅಲ್ಲೇ ಕೂತ. ಕೂತಲ್ಲೇ ಕಣ್ಣು ಒರೆಸಿಕೊಂಡ. ಊರವರು ಬಂದು ನೋಡಿ, ಅಂಗಳವೆಂದರೆ ಇದಪ್ಪಾ ಎಂದು ಹೊಗಳಿ ಚಹಾ ಕುಡಿದು ಹೋದರು.

ಹಂದರ ಹಾಕಿದ ದಿನ ಮಧ್ಯಾಹ್ನ ಅಡ್ಡಮಳೆ ಬಂತು. ಬೇಸಿಗೆಯ ಮಳೆ, ಬಂದರೆ ಕಣ್ಣುಮುಚ್ಚಿ ಬರುವಂಥದು. ಮೇಲಿನ ಹೊಲಗಳ ನೀರು ವಾಡಿಕೆಯಂತೆ ಇಳಿದು ಬಂತು. ಹೋಗುವ ದಾರಿ, ಆ ಕೊರಕಲು, ಈಗ ಇರಲಿಲ್ಲ. ಏರಿಸಿದ ಅಂಗಳಕ್ಕೆ ಹತ್ತಲಾರದೆ ಅದರ ಅಂಚು ಹಿಡಿದು ಸುತ್ತಿತು. ಅಂಗಳದ ಮೇಲೆ ಬಿದ್ದ ನೀರೂ ಅದರ ಜೊತೆ ಸೇರಿತು. ಈಗ ಅಲ್ಲೆಲ್ಲ ತಗ್ಗು ಎಂದು ಉಳಿದಿದ್ದದ್ದು ಒಂದೇ ಜಾಗ, ರೈತನ ಮನೆ. ನೀರು ಹೊಸ್ತಿಲು ದಾಟಿತು. ಪಡಸಾಲೆಯಲ್ಲಿ ಮದುವೆಗೆಂದು ಒಟ್ಟಿದ್ದ ಅಕ್ಕಿಯ ಚೀಲಗಳು ನೆನೆದವು. ಹೆಂಗಸರು ಸೀರೆಯ ನಿರಿಗೆ ಎತ್ತಿಕಟ್ಟಿ ಕೊಡದಲ್ಲಿ ನೀರು ಎತ್ತಿ ಚೆಲ್ಲಿದರು. ಚೆಲ್ಲಿದ್ದು ತಿರುಗಿ ಒಳಗೇ ಬಂತು. ಹೊತ್ತು ಮುಳುಗುವ ಮೊದಲು ಮದುಮಗಳ ಕೋಣೆಯ ಮಣ್ಣಿನ ಗೋಡೆ ಕುಸಿಯಿತು. ದೇವರ ದಯೆ, ಯಾರೂ ಒಳಗಿರಲಿಲ್ಲ.

ಹೊರಗೆ ಹಂದರ ಚೆಂದವಾಗಿ ನಿಂತಿತ್ತು. ಅಂಗಳದಲ್ಲಿ ಒಂದು ಹನಿ ನೀರಿರಲಿಲ್ಲ.

ಬೀಗರು ಕೆಟ್ಟ ಮಾತು ಆಡಲಿಲ್ಲ. ಗೋಡೆ ಬಿದ್ದ ಮನೆಯ ಮುಂದೆ ಅಕ್ಷತೆ ಬೇಡ ಎಂದರು, ಅಷ್ಟೇ. ಮದುವೆ ಪಟ್ಟಣದ ಮಂಟಪದಲ್ಲಿ ನಡೆಯಿತು. ರೈತ ಮಗಳ ಮದುವೆಗೆ ನಂಟರ ಹಾಗೆ ಬಸ್ಸು ಹತ್ತಿ ಹೋದ. ಹೆಂಡತಿಯ ಜೊತೆ ನಿಂತು ಧಾರೆ ಎರೆದ. ಮಗಳು ಯಾರದೋ ಮಂಟಪದ ಮೆಟ್ಟಿಲು ಇಳಿದು ಗಂಡನ ಮನೆಗೆ ಹೋದಳು. ಹೋಗುವಾಗ ಅಪ್ಪನ ಕಾಲು ಮುಟ್ಟಿದಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟುಕೊಂಡು ನಿಂತ.

ಊರಿಗೆ ಬಂದವನು ಮನೆಗೆ ಹೋಗಲಿಲ್ಲ, ನೇರ ವ್ಯಾಪಾರಿಯ ಅಂಗಡಿಗೆ ಹೋದ. ಜಗಳಕ್ಕಲ್ಲ. ತಿಳಿದುಕೊಳ್ಳಬೇಕಿತ್ತು. ಒಂದು ಸಾಮಾನನ್ನೂ ಬಿಡಲಿಲ್ಲ, ಒಂದೂ ಕೆಟ್ಟದ್ದಿರಲಿಲ್ಲ, ಎಲ್ಲವೂ ಹೇಳಿದ ಕೆಲಸ ಮಾಡಿದವು, ಹಾಗಾದರೆ ನಾನು ಆರಿಸುವಾಗ ತಪ್ಪಿದ್ದು ಎಲ್ಲಿ ಎಂದು ಕೇಳಿದ. ವ್ಯಾಪಾರಿಗೂ ಪಾಪ ತಿಳಿಯಲಿಲ್ಲ. ಮೊನ್ನೆ ಹೊಸದೊಂದು ಬಂದಿದೆ, ನೋಡುತ್ತೀರಾ ಎಂದ.

ಅಜ್ಜಾರು ಇಲ್ಲಿಗೆ ಕತೆ ನಿಲ್ಲಿಸಿದರು. ಅಡಿವಯ್ಯ ಮುಂದಿನದಕ್ಕೆ ಕಾದ. ಮುಂದೆ ಏನೂ ಬರಲಿಲ್ಲ.  ಬ್ಲೇಡು, ಕಲ್ಟಿವೇಟರ್, ಡೋಜರ್ ಎಲ್ಲ ಅವನ ತಲೆಯಲ್ಲಿ ಕಲಸಿಹೋಗಿದ್ದವು. ಲೇಸರ್ ತರಿಸಿದಲ್ಲಿಗೇ ನಿಲ್ಲಿಸಿದ್ದರೆ ಸರಿಹೋಗುತ್ತಿತ್ತೇ? ಮೊದಲೇ ಆ ಪೆಟ್ಟಿಗೆಯಂಥದ್ದನ್ನು ಒಯ್ದಿದ್ದರೆ? ತಾನು ಕೇಳಿದ್ದು ಸಾಧನೆಯನ್ನು, ಅಜ್ಜಾರು ಹೇಳಿದ್ದು ಅಂಗಳವನ್ನು; ಯಾವುದನ್ನು ಯಾವುದಕ್ಕೆ ಹೊಂದಿಸಬೇಕೋ ಅವನಿಗೆ ಹೊಳೆಯಲಿಲ್ಲ. ಎಷ್ಟು ತಿಣುಕಿದರೂ ಬಾಯಿಗೆ ಬಂದದ್ದು ಒಂದೇ ಪ್ರಶ್ನೆ.

"ಹಾಗಾದರೆ ಅವನು ಯಾವುದನ್ನು ಕಟ್ಟಿದ್ದರೆ ಸರಿಯಾಗುತ್ತಿತ್ತು, ಅಜ್ಜಾರೇ?"

ಅಜ್ಜಾರ ಮುಖದಲ್ಲಿ ಅದುವರೆಗೆ ಇದ್ದ ನಗು ಈಗ ಇರಲಿಲ್ಲ. ಮುಂದಕ್ಕೆ ಬಾಗಿ ಅವನ ಮೊಣಕಾಲಿನ ಮೇಲೆ ಕೈಯಿಟ್ಟರು.

"ಅವ್ವ ಹೋದ ಸುದ್ದಿ ಬಂದ ದಿನ ಕಣ್ಣಿಗೆ ಬಂದ ನೀರನ್ನು ನುಂಗಿಕೊಂಡೆಯಲ್ಲ ತಮ್ಮಾ, ಅದು ಎಲ್ಲಿಗೆ ಹೋಯಿತು?"