ಬೋರ್ಡಿಗೆ ತೆಗೆದ ದೃಷ್ಟಿ

ನಮ್ಮ ಬೀದಿಯ ಮುಖಂಡ ಬೋರಲಿಂಗಣ್ಣ ಹುಟ್ಟುಹಬ್ಬಕ್ಕೆಂದು ತನ್ನ ತಾರಸಿಯ ಮೇಲೆ ದೊಡ್ಡ ಎಲ್‌ಇಡಿ ಬೋರ್ಡು ಹಾಕಿಸಿದ. ಹಬ್ಬ ಮುಗಿದರೂ ಅವನ ಮುಖ ಮಾತ್ರ ರಾತ್ರಿಯಿಡೀ ಎಲ್ಲರ ಕಿಟಕಿಯಲ್ಲೂ ಕೆಂಪಾಗಿ, ನೀಲಿಯಾಗಿ ಮಿನುಗುತ್ತಲೇ ಇತ್ತು.

"ಮನೆಗಳಿರೋ ಬೀದೀಲಿ ಮಿನುಗೋ ಬೋರ್ಡು ಹಾಕಬಾರದು ಅಂತ ನಗರಸಭೆ ರೂಲ್ಸೇ ಇದೆ" ಅಂದರು ಜನ.

"ಅದು ಅಂಗಡಿಯವರಿಗೆ. ನನ್ನ ಮುಖ ಏನು ಅಂಗಡೀನಾ?" ಅಂದ ಬೋರಲಿಂಗಣ್ಣ.

ಎದುರುಮನೆಯ ಸಣ್ಣತಾಯಮ್ಮ ಹೂ ಮಾರುವವಳು. ನಸುಕಿಗೇ ಎದ್ದು ಮಾರ್ಕೆಟ್ಟಿಗೆ ಹೋಗಬೇಕು. ಮರುದಿನ ಮುಸ್ಸಂಜೆ ಅವನ ಗೇಟಿನ ಮುಂದೆ ಕೆಂಡ ಇಟ್ಟುಕೊಂಡು, ಮೆಣಸಿನಕಾಯಿ ಹಿಡಿದು ಬೋರ್ಡಿಗೆ ನಿವಾಳಿಸತೊಡಗಿದಳು.

"ಏನಮ್ಮಾ ಇದು?" ಅಂತ ಬೋರಲಿಂಗಣ್ಣ ಹೊರಗೆ ಬಂದ.

"ದೃಷ್ಟಿ ತೆಗೀತಿದ್ದೀನಿ ಕಣಣ್ಣ. ಬೀದಿಗೆ ಬೀದಿಯೇ ನಿದ್ದೆಗೆಟ್ಟು ನಿನ್ನ ಮುಖಾನೇ ನೋಡ್ತಾ ಕೂತಿದೆ. ಒಳ್ಳೆ ಮನಸ್ಸಿಂದ ನೋಡೋರು ಒಬ್ಬರೂ ಇಲ್ಲ."

ಮೆಣಸಿನಕಾಯಿ ಕೆಂಡಕ್ಕೆ ಹಾಕಿದಳು. ಇಬ್ಬರೂ ಕಾದರು. ಘಾಟೂ ಇಲ್ಲ, ಕೆಮ್ಮೂ ಇಲ್ಲ. ಘಾಟು ಬರದಿದ್ದರೆ ದೃಷ್ಟಿ ಜೋರಾಗಿ ತಗುಲಿದೆ ಅಂತ ಬೋರಲಿಂಗಣ್ಣನಿಗೂ ಗೊತ್ತು. ಅವನ ಮುಖ ಬಿಳಿಚಿಕೊಂಡಿತು.

"ನಿನ್ನೆಯಿಂದ ಸೊಂಟ ಹಿಡ್ಕೊಂಡಿರೋದು ಇದಕ್ಕೇನಾ?"

"ನಾನು ಹೇಗೆ ಹೇಳಲಣ್ಣಾ?" ಅಂದಳು. ತಾನು ಹಾಕಿದ್ದು ಬೀಜ ಉದುರಿಸಿದ ಬ್ಯಾಡಗಿ ಮೆಣಸಿನಕಾಯಿ, ಅದಕ್ಕೆ ಬಣ್ಣವೇ ಹೊರತು ಖಾರವಿಲ್ಲ ಅಂತ ಹೇಳುವ ಗೋಜಿಗೆ ಹೋಗಲಿಲ್ಲ.

ಅಂದೇ ಬೋರ್ಡು ಇಳಿಯಿತು. ಬೆಳಿಗ್ಗೆ ಬೋರಲಿಂಗಣ್ಣ ಸೊಂಟ ಹಿಡಿದುಕೊಂಡೇ ಬಂದು ಕೇಳಿದ, "ಇನ್ನು ದೃಷ್ಟಿ ಬೀಳಲ್ಲ ತಾನೆ?"

ಸಣ್ಣತಾಯಮ್ಮ ಹಾಯಾಗಿ ಮೈಮುರಿದು ಮಲ್ಲಿಗೆ ಕಟ್ಟತೊಡಗಿದಳು.

"ಯಾರ ದೃಷ್ಟಿ ಬೀಳುತ್ತಣ್ಣಾ? ರಾತ್ರಿಯೆಲ್ಲಾ ಬೀದಿಯವರು ಕಣ್ಣು ಮುಚ್ಕೊಂಡು ಮಲಗಿದ್ರಲ್ಲಾ!"