ಗೋಡೆಗೆ ಅಂಗಿ ಹೊಲಿದ ಬೆಳ್ಳಕ್ಕ

ಒಂದಾನೊಂದು ಊರಿನಲ್ಲಿ ಒಂದೇ ಒಂದು ಮಳೆ ಇತ್ತು. ಅದು ಶುರುವಾದದ್ದು ಯಾರ ಮುತ್ತಜ್ಜನ ಕಾಲದಲ್ಲೋ, ಯಾರಿಗೂ ನೆನಪಿಲ್ಲ. ಮುಗಿದದ್ದನ್ನಂತೂ ಯಾರೂ ಕಂಡಿಲ್ಲ. ಊರಿನ ಹೆಸರು ಸೋನೆಪುರ. ಅಲ್ಲಿ ಉಪ್ಪನ್ನು ಚೊಂಬಿನಲ್ಲಿ ಅಳೆದು ಮಾರುತ್ತಿದ್ದರು. ಹಪ್ಪಳವನ್ನು ಮಡಚಿ ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಮೀನು ಬೇಕಾದವರು ಕೆರೆಗೆ ಹೋಗುತ್ತಿರಲಿಲ್ಲ, ಕಿಟಕಿಯಿಂದ ಕೈ ಚಾಚುತ್ತಿದ್ದರು. ನಂಬಿಕೆ ಬರಲಿಲ್ಲವೇ? ಬಿಡಿ, ಮೀನಿಗೇನೂ ಬೇಜಾರಿಲ್ಲ.

ಆ ಊರಿನ ಕೊನೇ ಬೀದಿಯಲ್ಲಿ ಬೆಳ್ಳಕ್ಕ ಎಂಬ ದರ್ಜಿ ಇದ್ದಳು. ಒಂದು ಸೂಜಿ, ಒಂದು ಅಳತೆಪಟ್ಟಿ, ಒಂದು ಮಣ್ಣಿನ ಮನೆ, ಇಷ್ಟೇ ಅವಳ ಆಸ್ತಿ. ಮಣ್ಣು ತುಳಿದವಳೂ ಅವಳೇ, ಗೋಡೆ ಎತ್ತಿದವಳೂ ಅವಳೇ. ಮಳೆ ಹಗಲು ಕರಗಿಸಿದಷ್ಟನ್ನು ಸಂಜೆ ಮೆತ್ತುತ್ತಿದ್ದಳು. ಆ ಮನೆಯೆಂದರೆ ಅವಳಿಗೆ ಪ್ರಾಣ.

ಊರಿನ ರಾಜ ತೇವರಾಜ. ಅವನು ಒಂದು ದಿನ ಊಟಕ್ಕೆ ಕೂತಿದ್ದ. ಅರಮನೆಯ ಪಡುವಣ ಗೋಡೆ "ಆಕ್ಷೀ!" ಅಂದಿತು. ಒಂದು ಹೆಂಟೆ ಮಣ್ಣು ಹಾರಿ ಬಂದು ಹುಳಿಯ ಬಟ್ಟಲಿಗೆ ಬಿತ್ತು.

"ಯಾವನಯ್ಯ ಸೀನಿದ್ದು?" ಎಂದು ರಾಜ ಗುಡುಗಿದ.

"ನಾನೇ ಬುದ್ಧಿ, ಗೋಡೆ. ನೆನೆದೂ ನೆನೆದೂ ನೆಗಡಿ ಆಗೈತೆ."

ಮಂತ್ರಿ ಕೊಡೆಯಪ್ಪ ಕೈಮುಗಿದು ಎದ್ದು ನಿಂತ. "ಮಹಾಪ್ರಭು, ಗೋಡೆಗೂ ಕಿವಿ ಇದೆ ಅಂತ ಹಿರಿಯರು ಹೇಳಿಲ್ಲವೇ? ಕಿವಿ ಇದ್ದ ಮೇಲೆ ಮೂಗಿರಬೇಕು. ಮೂಗಿದ್ದ ಮೇಲೆ ಮೈಯಿರಬೇಕು. ಮೈಯಿದ್ದ ಮೇಲೆ ಅಂಗಿ ಬೇಡವೇ? ಇಷ್ಟು ದಿನ ನಮ್ಮ ಗೋಡೆ ಬರೀ ಮೈಯಲ್ಲಿ ನಿಂತಿದೆಯಲ್ಲ, ಎಂಥಾ ಅವಮಾನ!"

ರಾಜನಿಗೆ ನಾಚಿಕೆಯಾಯಿತು. ಕಣ್ಣು ಮುಚ್ಚಿಕೊಂಡೇ ಊಟ ಮುಗಿಸಿ ಬೆಳ್ಳಕ್ಕನನ್ನು ಕರೆಸಿದ.

ಬೆಳ್ಳಕ್ಕ ಗೋಡೆಯ ಅಳತೆ ತೆಗೆದಳು. "ತೋಳು ಇಡಬೇಕಾ ಬುದ್ಧಿ?"

"ಇಡು. ಇಲ್ಲವೆಂದರೆ ಗೋಡೆ ಬೇಸರ ಮಾಡಿಕೊಂಡೀತು."

"ಬಟ್ಟೆ ಯಾವುದು? ಹತ್ತಿಬಟ್ಟೆ ಈ ಮಳೇಲಿ ಬಾಳಿಕೆ ಬರಾಕಿಲ್ಲ."

"ಬಾಳಿಕೆ ಬರುವುದನ್ನೇ ಹಾಕು. ಗೋಡೆ ಹೋದರೂ ಅಂಗಿ ಉಳಿಯಬೇಕು!"

ಸುದ್ದಿ ಕೇಳಿ ಸಾಗುವಾನಿ ಹಲಗೆ ತಾನೇ ನಡೆದು ಬಂತು. "ನನಗಿಂತ ಗಟ್ಟಿ ಯಾರು? ಗೆದ್ದಲು ಕೂಡ ನನ್ನ ಅಪ್ಪಣೆ ಕೇಳಿ ತಿನ್ನುತ್ತದೆ" ಎಂದಿತು. ಬೆಳ್ಳಕ್ಕ ಹಲಗೆಯ ಅಂಗಿ ಹೊಲಿದಳು. ಗೋಡೆ ತೊಟ್ಟುಕೊಂಡಿತು. ಮಾರನೆಯ ಬೆಳಿಗ್ಗೆ ಹಲಗೆ ಅಳುತ್ತಿತ್ತು.

"ನೆನೆದು ಉಬ್ತಾ ಇದೀನಿ. ನನಗೂ ಒಂದು ಅಂಗಿ ಬೇಕು."

"ನ್ಯಾಯ ನ್ಯಾಯವೇ" ಎಂದ ರಾಜ. "ಗೋಡೆಗೆ ಅಂಗಿ ಕೊಟ್ಟು ಅಂಗಿಗೆ ಕೊಡದಿದ್ದರೆ ಹೇಗೆ?"

ಹಲಗೆಯ ಮೇಲೆ ತಗಡಿನ ಅಂಗಿ ಬಂತು. ತಗಡು ಡಬಡಬ ಎಂದು ತನ್ನನ್ನು ತಾನೇ ಹೊಗಳಿಕೊಂಡಿತು. ಊರಿನವರು ಕಿವಿಗೆ ಹಿಟ್ಟು ಮೆತ್ತಿಕೊಂಡರು. ಅಷ್ಟರಲ್ಲಿ ತಗಡೂ ಅಳತೊಡಗಿತು. "ತುಕ್ಕು ಹಿಡೀತು! ನನಗೂ ಅಂಗಿ!" ತಗಡಿನ ಮೇಲೆ ಕಲ್ಲು ಚಪ್ಪಡಿ ಬಂತು. ಕಲ್ಲಿಗೆ ಮಾತು ನಿಧಾನ. ಬೆಳಿಗ್ಗೆ "ಪಾ" ಎಂದಿತು, ಸಂಜೆಗೆ "ಚಿ" ಎಂದಿತು. ಪಾಚಿ ಕಟ್ಟಿದ ಕಲ್ಲಿಗೂ ಅಂಗಿ ಹೊಲಿದದ್ದಾಯಿತು.

ಆಮೇಲೆ ತೆಂಗಿನ ಗರಿ, ಗರಿಯ ಮೇಲೆ ಚಾಪೆ, ಚಾಪೆಯ ಮೇಲೆ ಟಾರ್ಪಾಲು, ಟಾರ್ಪಾಲಿನ ಮೇಲೆ ಮಂತ್ರಿಯ ಮಾವನ ಕಂಬಳಿ. ಗೋಡೆ ದಪ್ಪಗಾಗುತ್ತಾ ಆಗುತ್ತಾ ಅರಮನೆಯ ಅಂಗಳ ದಾಟಿ ಬೀದಿಗೆ ಇಳಿಯಿತು. ಕ್ಷೌರದ ಅಂಗಡಿ ಅಂಗಿಯ ಒಳಗೆ ಸೇರಿತು. ಒಳಗೆ ಕತ್ತಲು. ಪಾಪ, ಕ್ಷೌರಿಕ ಗಿರಾಕಿಯ ಗಡ್ಡವೆಂದುಕೊಂಡು ಕಂಬಳಿಯನ್ನೇ ಬೋಳಿಸುತ್ತಿದ್ದ. ಕಂಬಳಿ ತಲೆ ಬಾಚಲು ಹೇಳಿತಂತೆ!

ಕೊನೆಗೆ ಒಂದು ಬೆಳಿಗ್ಗೆ ಬೆಳ್ಳಕ್ಕ ಬಾಗಿಲು ತೆರೆದಳು. ಎದುರಿಗೇ ಅರಮನೆಯ ಗೋಡೆ, ಗೋಣಿಯ ಅಂಗಿ ತೊಟ್ಟು ನಿಂತಿತ್ತು. ಪಕ್ಕದಲ್ಲಿ ರಾಜ.

"ಬೆಳ್ಳಕ್ಕ, ಗೋಣಿ ನೆನೆಯುತ್ತಿದೆ. ಅದಕ್ಕೊಂದು ಅಂಗಿ ಬೇಕು. ಆ ಅಂಗಿಗೆ ಜಾಗ ಬೇಕು. ನಿನ್ನ ಮನೆ ಕೆಡವುತ್ತೇವೆ."

ಬೆಳ್ಳಕ್ಕ ಬಾಗಿಲಿಗೆ ಅಡ್ಡ ನಿಂತಳು. "ಬುದ್ಧಿ, ಇದು ನಾನೇ ತುಳಿದು ಕಟ್ಟಿದ ಗೋಡೆ. ಇದನ್ನ ಕೆಡವಿದ್ರೆ ನಾನು ಎಲ್ಲಿಗೆ ಹೋಗ್ಲಿ?"

"ಅಂಗಿಯೊಳಗೆ ಬೇಕಾದಷ್ಟು ಜಾಗವಿದೆಯಲ್ಲ. ಕ್ಷೌರಿಕನನ್ನು ಕೇಳು, ಸುಖವಾಗಿದ್ದಾನೆ."

ಬೆಳ್ಳಕ್ಕ ಅತ್ತಳು. ಅವಳ ಕಣ್ಣೀರನ್ನೂ ಮಳೆಯೇ ತೊಳೆಯಿತು. ಅದನ್ನು ಕಂಡು ಅವಳಿಗೆ ರೇಗಿತು. ಸಿಟ್ಟಿನಲ್ಲಿ ಅವಳು ಗೋಣಿಯನ್ನು ಕೇಳಿದಳು:

"ನಿನ್ನನ್ನು ನೆನೆಸೋದು ಯಾರು?"

"ಮಳೆ."

"ಮಳೆಯನ್ನ ನೆನೆಸೋದು ಯಾರು?"

"ಅದನ್ನ ಯಾರು ನೆನೆಸ್ಬೇಕು? ಅದು ಹುಟ್ಟಿದಾಗಿನಿಂದ ನೆನೆದೇ ಐತೆ. ಮೈಮೇಲೆ ಒಂದು ತುಂಡು ಬಟ್ಟೆ ಇಲ್ಲ, ಪಾಪ."

ಬೆಳ್ಳಕ್ಕ ರಾಜನತ್ತ ತಿರುಗಿದಳು. "ಕೇಳಿದ್ರಾ ಬುದ್ಧಿ? ಬಟ್ಟೆ ಇಲ್ಲದೋನು ಮಳೆ. ನಾವು ಅಂಗಿ ತೊಡಿಸ್ತಿರೋದು ಗೋಡೆಗೆ. ಅಂಗಿ ಮಳೆಗೇ ಹೊಲೀತೀನಿ. ಆಮೇಲೆ ಗೋಡೆ ನೆನೆದ್ರೆ ನನ್ನ ಮನೆ ನಿಮ್ದು."

ರಾಜ ಮಂತ್ರಿಯ ಮುಖ ನೋಡಿದ. ಮಂತ್ರಿ ಆಕಾಶ ನೋಡಿದ. ಆಕಾಶ ಬೇಡವೆನ್ನಲಿಲ್ಲ. ಹಾಗಾಗಿ ಒಪ್ಪಿಗೆಯಾಯಿತು.

ಬೆಳ್ಳಕ್ಕ ಅಳತೆಪಟ್ಟಿ ಬೀಸಿ ಕೂಗಿದಳು. "ಏ ಮಳೆ, ಬಾ ಇಲ್ಲಿ! ಅಂಗಿ ಹೊಲೀತೀನಿ, ಅಳತೆ ಕೊಡು!"

ಮಳೆ ನಾಚಿಕೊಳ್ಳುತ್ತಾ ಅವಳ ಜಗಲಿಯ ಮುಂದೆ ಬಂತು. ಸುಮ್ಮನಿರಲು ಅದಕ್ಕೆ ಬರದು. ಪಟ್ಟಿ ಹಿಡಿದರೆ ಜಾರುತ್ತದೆ, ತೋಳು ಹಿಡಿದರೆ ಸೋರುತ್ತದೆ.

"ಹಿಂಗೆ ಕುಣಿದ್ರೆ ಅಳತೆ ಹೆಂಗ್ ತಗೊಳ್ಲಿ? ನೆಟ್ಟಗೆ ನಿಲ್ಲು!"

ಮಳೆ ನಿಂತಿತು.

ಸೋನೆಪುರದವರು ಹೊರಗೆ ಓಡಿ ಬಂದರು. "ಮಳೆ ನಿಂತಿತು! ಮಳೆ ನಿಂತಿತು!" ಹೌದಲ್ಲ, ಎಲ್ಲರ ಕಣ್ಣೆದುರಿಗೇ ನಿಂತಿದೆ, ಕೈ ಎರಡೂ ಅಗಲಿಸಿಕೊಂಡು. ಬಿಸಿಲು ಬಂತು. ಅದನ್ನು ಎಂದೂ ಕಾಣದ ನಾಯಿಗಳು ಬೊಗಳಿದವು. ಚೊಂಬಿನೊಳಗಿನ ಉಪ್ಪು ಗಟ್ಟಿಯಾಯಿತು. ರಾಜ ಗೋಡೆಯ ಅಂಗಿಗಳನ್ನು ಒಂದೊಂದಾಗಿ ಬಿಚ್ಚಿಸಿದ. ಬೀದಿ ವಾಪಸು ಬಂತು, ಕ್ಷೌರಿಕನೂ ವಾಪಸು ಬಂದ.

ಬೆಳ್ಳಕ್ಕ ಜಾಣೆ. ಅಂಗಿ ಮುಗಿಸಿದರೆ ಮಳೆ ಮತ್ತೆ ಸುರಿಯಲು ಹೊರಟುಬಿಡುತ್ತದೆ. ದರ್ಜಿಗಳ ಹಳೇ ವಿದ್ಯೆ ಅವಳಿಗೆ ಕಲಿಸಬೇಕೇ?

"ಅಂಗಿ ಆಯ್ತಾ ಬೆಳ್ಳಕ್ಕ?" ಎಂದು ಮಳೆ ಕೇಳುತ್ತಿತ್ತು.

"ಆಗೇ ಹೋಯ್ತು. ಕಾಜ ಗುಂಡಿ ಮಾತ್ರ ಬಾಕಿ. ನಾಳೆ ಬಾ."

ಮಳೆ ಮಾರನೆಯ ದಿನ ಬರುತ್ತಿತ್ತು. ನಿಲ್ಲುತ್ತಿತ್ತು. "ನಾಳೆ ಬಾ" ಅನ್ನಿಸಿಕೊಂಡು ಬೀಳದೆಯೇ ಹೋಗುತ್ತಿತ್ತು.

ಹೀಗೆಯೇ ನಡೆದಿದ್ದರೆ ಚೆನ್ನಾಗಿತ್ತು. ಆದರೆ ಬಾವಿ ಬತ್ತಿತು. ಪೈರು ಬಾಡಿತು. ಕಪ್ಪೆಗಳು ಗಂಟುಮೂಟೆ ಕಟ್ಟಿದವು. ಬೆಳ್ಳಕ್ಕನ ಗೋಡೆಯೂ ಬಿರುಕು ಬಿಟ್ಟಿತು, ಮೆತ್ತೋಣವೆಂದರೆ ಮಣ್ಣು ಕಲಸಲು ನೀರಿಲ್ಲ. ರಾಜ ಮತ್ತೆ ಬಂದ.

"ಬೆಳ್ಳಕ್ಕ, ಮಳೆ ಬೀಳಬೇಕು. ನನ್ನ ಗೋಡೆ ನೆನೆಯಬಾರದು. ಇವತ್ತೇ ಆಗಬೇಕು. ಇಲ್ಲವೆಂದರೆ ಮಾತಿನಂತೆ ನಿನ್ನ ಮನೆ ನನ್ನದು."

ಅತ್ತ ದರಿ ಇತ್ತ ಪುಲಿ. ಬೆಳ್ಳಕ್ಕನಿಗೆ ಏನೂ ತೋಚಲಿಲ್ಲ. ಅಷ್ಟರಲ್ಲಿ ಮಳೆ ಬಂತು, ಹೇಳದೆಯೇ ಕೈ ಅಗಲಿಸಿ ನಿಂತಿತು. ಅವಳು ರೇಗಿದಳು.

"ದಿನಾ ನಾಳೆ ಬಾ, ನಾಳೆ ಬಾ ಅಂತೀನಿ. ನಿಂಗೆ ಬೇಜಾರು ಬರಾಕಿಲ್ವಾ?"

"ಇಲ್ಲ ಕಣಕ್ಕ" ಎಂದಿತು ಮಳೆ. "ಈ ಊರಲ್ಲಿ ಎಲ್ಲರೂ ನಂಗೆ ಹೋಗು ಹೋಗು ಅಂತಲೇ ಬೈತಾರೆ. ಬಾ ಅಂದೋಳು ನೀನೊಬ್ಳೇ."

ಬೆಳ್ಳಕ್ಕ ಅಳತೆಪಟ್ಟಿ ಕೆಳಗಿಟ್ಟಳು. ಇಂಥ ಮುಗ್ಧನಿಗೆ ಮೋಸ ಮಾಡಿದೆನಲ್ಲ ಎಂದು ಸಂಕಟಪಟ್ಟಳು. ಮನೆ ಹೋದರೆ ಹೋಗಲಿ, ಇದಕ್ಕೊಂದು ಅಂಗಿ ತೊಡಿಸಿಯೇ ತೀರುತ್ತೇನೆ ಎಂದು ಸೂಜಿ ಹಿಡಿದಳು. ತೆಳ್ಳನೆ ಬಿಳಿ ಮಲ್ಲು ಬಟ್ಟೆ ತೆಗೆದಳು. ಬೆಳೆಯುವ ಮೈ ಎಂದು ಕೊಂಚ ದೊಡ್ಡದಾಗಿಯೇ ಹೊಲಿದಳು. ಗುಂಡಿ ಇಟ್ಟಳು, ಕಾಜ ಹಾಕಿದಳು, ತಾನೇ ತೊಡಿಸಿದಳು. ಮಳೆ ತನ್ನನ್ನು ತಾನು ನೋಡಿಕೊಂಡು ನಗುತ್ತಾ ಒಂದು ಸುತ್ತು ತಿರುಗಿತು.

"ಹೋಗು, ಕುಣಿ ಹೋಗು" ಎಂದು ಬೆಳ್ಳಕ್ಕ ಅದರ ಬೆನ್ನು ತಟ್ಟಿದಳು. ಮಳೆ ಹಾರಿ ಹೊರಟಿತು. ಹೊಸ ಬಟ್ಟೆ ತೊಟ್ಟ ಮಕ್ಕಳಿಗೆ ಯಾರಾದರೂ ಹೇಳುವ ಮಾತು ಅವಳ ಬಾಯಿಗೂ ತಾನಾಗಿ ಬಂತು. "ಏ, ಜೋಪಾನ! ಗೋಡೆಗೆ ಒರಗ್ಬೇಡ, ಅಂಗಿ ಮಣ್ಣಾಗುತ್ತೆ!"

ಮಳೆ ಬಿತ್ತು. ಬಾವಿಗೆ ಬಿತ್ತು, ಹೊಲಕ್ಕೆ ಬಿತ್ತು, ರಾಜನ ಬೋಳುತಲೆಗೂ ಬಿತ್ತು. ಆದರೆ ಗೋಡೆಯೊಂದು ಕಂಡರೆ ಸಾಕು, ಅಂಗಿಯ ಅಂಚನ್ನು ಎತ್ತಿ ಹಿಡಿದು ಮೊಳದಾಚೆ ಸರಿದು ಹೋಯಿತು. ಅರಮನೆಯ ಗೋಡೆ ಬರೀ ಮೈಯಲ್ಲಿ ಬೆಚ್ಚಗಿತ್ತು. ಬೆಳ್ಳಕ್ಕ ಮಣ್ಣು ಕಲಸಿ ತನ್ನ ಗೋಡೆಯ ಬಿರುಕು ಮುಚ್ಚಿದಳು. ಸಂಜೆ ಜಗಲಿಯಲ್ಲಿ ಕೂತು, ಅಂಗಳದಲ್ಲಿ ಕುಣಿಯುವ ಮಳೆಗೆ "ನಾಳೆನೂ ಬಾ" ಎಂದಳು. ಈ ಸಲ ಅವಳು ಅದನ್ನು ಮನಸಾರೆ ಹೇಳಿದಳು.

ಈ ಕತೆಯ ನೀತಿಯೇನೆಂದರೆ, ಮನೆ ಕಟ್ಟುವವರು ಮೇಸ್ತ್ರಿಯ ಜೊತೆಗೆ ದರ್ಜಿಯನ್ನೂ ಕರೆಸಬೇಕು. ಸೋನೆಪುರದವರು ಅಲ್ಲಿ ಬೆಚ್ಚಗೆ ಮಲಗಿದರು, ಕತೆ ಕೇಳಿದ ನೀವು ಇಲ್ಲಿ ಸುಮ್ಮನೆ ನೆನೆದಿರಿ. ಏಳಿ, ತಲೆ ಒರೆಸಿಕೊಳ್ಳಿ.