ನೀರು ಹಾಕಲು ಅಜ್ಜಿ ಬೇಕು

ವಿಶಾಲಾಕ್ಷಮ್ಮನಿಗೆ ಮೊಮ್ಮಗ ಹುಟ್ಟಿದ. ಆದರೆ ಆ ಮನೆಯಲ್ಲಿ ಯಾರೂ ಅವಳನ್ನು ಅಜ್ಜಿ ಅನ್ನುವ ಹಾಗಿಲ್ಲ. ವಯಸ್ಸು ಐವತ್ತೆಂಟಾದರೂ ತಲೆ ಮಾತ್ರ ಕಾಡಿಗೆಗಿಂತ ಕಪ್ಪು.

ಕೂಸನ್ನು ಚಾಚಿದ ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಲು ದಿನಾ ಒಬ್ಬ ಮುದುಕಿ ಬರುತ್ತಿದ್ದಳು. ನಾಮಕರಣದ ಹಿಂದಿನ ದಿನ ವಿಶಾಲಾಕ್ಷಮ್ಮ ಅವಳ ಕೈಗೆ ತಲೆಗೆ ಹಚ್ಚುವ ಬಣ್ಣದ ಪೊಟ್ಟಣ ಕೊಟ್ಟಳು.

"ನಾಳೆ ವಿಡಿಯೊದವರು ಬರ್ತಾರೆ. ಈ ಬಿಳೀ ತಲೆ ಹೊತ್ಕೊಂಡು ಬಂದು ನನ್ನ ಮಾನ ಕಳೀಬೇಡ. ಯಾರಾದ್ರೂ ಕೇಳಿದ್ರೆ ನಲವತ್ತು ಅನ್ನು."

ಮರುದಿನ ಮುದುಕಿ ಓಣಿಯುದ್ದಕ್ಕೂ ತಲೆ ತುಂಬ ಸೆರಗು ಹೊದ್ದು, ಮುಖ ತಗ್ಗಿಸಿಕೊಂಡು ಬಂದಳು. ಒಳಗೆ ಬಂದು ಸೆರಗು ಸರಿಸಿದಾಗ ತಲೆ ಕಪ್ಪಗಿತ್ತು. ನೀರು ಕಾದಿತ್ತು, ನೆಂಟರು ಸುತ್ತ ನಿಂತಿದ್ದರು. ಅವಳು ಮಾತ್ರ ಮಣೆಯ ಮೇಲೆ ಕೂರಲಿಲ್ಲ.

"ಹೆಂಗೆ ಕೂರ್ಲಿ ಅಮ್ಮಾವ್ರೇ? ನನ್ನ ಮಕ್ಕಳಿಗೆಲ್ಲ ನಮ್ಮತ್ತೇನೇ ನೀರು ಹಾಕಿದ್ದು. ನಾನು ಕಲಿತಿದ್ದು ಐವತ್ತಕ್ಕೆ, ಮೊಮ್ಮಗಳು ಹುಟ್ಟಿದ್ಮೇಲೆ. ನಲವತ್ತಕ್ಕೆ ನಂಗೆಲ್ಲಿ ಬರ್ತಿತ್ತು? ಬಿಸಿನೀರು, ಎಳೇ ಕೂಸು. ಈ ಮನೇಲಿ ಅಜ್ಜಿ ಅನ್ನಿಸ್ಕೊಂಡೋರು ಇದ್ರೆ ಕರೀರಿ."

ಕೂಸು ಅಳತೊಡಗಿತು. ಬಾಣಂತಿ ಮಗಳು ಬಾಗಿಲಲ್ಲಿ ನಿಂತು ಅಮ್ಮನನ್ನೇ ನೋಡುತ್ತಿದ್ದಳು.

ಮುದುಕಿಯ ಕಿವಿಯ ಹಿಂದೆ ಬಣ್ಣ ಇಳಿದು ಕರೆಯಾಗಿತ್ತು. ಅದನ್ನು ಕಂಡ ವಿಶಾಲಾಕ್ಷಮ್ಮನ ಕೈ ತಾನಾಗಿಯೇ ತನ್ನ ಕಿವಿಯ ಹಿಂದೆ ಹೋಯಿತು. ನಾಚಿಕೆಯಿಂದ ಅವಳ ಮುಖ ಕೆಳಗಾಯಿತು.

ಕಡೆಗೆ ಅವಳು ರೇಷ್ಮೆ ಸೀರೆ ಎತ್ತಿ ಕಟ್ಟಿ, ಮಣೆಯ ಮೇಲೆ ಕಾಲು ಚಾಚಿ ಕೂತಳು.

"ಅಜ್ಜಿ ನಾನೇ. ಕೂಸನ್ನ ಕೊಡಿ. ಹೆಂಗೆ ಹಿಡೀಬೇಕು ಅಂತ ನೀವು ಹೇಳ್ಕೊಡಿ, ಅಕ್ಕಾ."